ಪಾಸಿನಲ್ಲಿ ಹನ್ನೆರಡು ತುಂಡು

೧೯೮೮ರಲ್ಲಿ ನಾನು ಸಾಲೆ ಬಿಟ್ಟೆ, ಎಂಟನೆಯ ಇಯತ್ತೆಯಲ್ಲಿ. ನಪಾಸಾಗಿ ಬಿಟ್ಟವನಲ್ಲ. ಲೆಕ್ಕದಲ್ಲಿ ವರ್ಗಕ್ಕೇ ಮುಂದಿದ್ದೆ. ಇದನ್ನು ಯಾರಾದರೂ ಕೇಳಿದರೆ ಹೇಳುತ್ತೇನೆ, ಕೇಳದಿದ್ದರೂ ಹೇಳುತ್ತೇನೆ. ನನ್ನನ್ನು ಸಾಲೆ ಬಿಡಿಸಿದ್ದು ಒಂದು ಕಟ್ಟಿಗೆಯ ತುಂಡು.

ನಮ್ಮದು ಹಳಿಯಾಳ ತಾಲೂಕಿನಲ್ಲಿ ಕಾಡಿಗೆ ಹತ್ತಿದ ಊರು. ಆ ವರ್ಷ ನೊಗ ಮುರಿದಿತ್ತು. ಹೊಸ ನೊಗಕ್ಕೆಂದು ಅಪ್ಪ ಮತ್ತಿ ಮರದ ಒಂದು ಕೊಂಬೆ ಕಡಿದು ಹೆಗಲ ಮೇಲೆ ಹೊತ್ತು ಬರುತ್ತಿದ್ದಾಗ ಫಾರೆಸ್ಟಿನವರ ಕೈಗೆ ಸಿಕ್ಕಿಬಿದ್ದ. ಕೇಸಾಯಿತು. ಕೋರ್ಟಿನ ತಾರೀಖು ಬಂದಾಗಲೆಲ್ಲ ಅವನು ಬಿಳಿ ಅಂಗಿ ತೊಟ್ಟು ಹಳಿಯಾಳಕ್ಕೆ ಹೋಗುವುದು, ಆ ದಿನ ನಾನು ಎತ್ತು ಹೂಡುವುದು. ತಾರೀಖುಗಳು ಮುಗಿಯಲಿಲ್ಲ, ನನ್ನ ಸಾಲೆ ಮುಗಿಯಿತು. ಕಡೆಗೆ ಸಣ್ಣ ದಂಡ ಕಟ್ಟಿಸಿಕೊಂಡು ಕೇಸು ಹರಿಯಿತು. ಆದರೆ ಅಪ್ಪನ ಮೈಯೊಳಗಿಂದ ಅದು ಹರಿಯಲಿಲ್ಲ. ಜೀಪಿನ ಸಪ್ಪಳ ಕೇಳಿದರೆ ಸಾಕು, ಉಣ್ಣುತ್ತಿದ್ದವನು ತುತ್ತು ಕೈಯಲ್ಲಿ ಹಿಡಿದೇ ಎದ್ದು ನಿಲ್ಲುತ್ತಿದ್ದ. ಜೀಪು ದಾಟಿ ಹೋಗುತ್ತಿತ್ತು. ಅವನು ಮತ್ತೆ ಕೂಡುತ್ತಿದ್ದ, ಆದರೆ ಊಟ ಅಲ್ಲಿಗೇ ಮುಗಿಯುತ್ತಿತ್ತು. ಹಾಗೆ ಎದ್ದು ನಿಲ್ಲುವುದನ್ನು ನಾನು ಅವನಿಂದ ಕಲಿತೆ. ಬೇರೆ ಆಸ್ತಿ ಅಂಥದ್ದೇನೂ ಬರಲಿಲ್ಲ.

ಹದಿನೆಂಟಕ್ಕೆ ದಾಂಡೇಲಿಗೆ ಬಂದೆ. ಕಾಗದದ ಗಿರಣಿಯಲ್ಲಿ ಗುತ್ತಿಗೆಯ ಫಿಟ್ಟರ್ ಒಬ್ಬನ ಕೈಕೆಳಗೆ ನಟ್ಟು ಬಿಚ್ಚುವ ಪಾನಾ ಎತ್ತಿಕೊಡುವ ಕೆಲಸ. ಎತ್ತಿಕೊಡುತ್ತ ಕೊಡುತ್ತ ಹಿಡಿಯುವುದನ್ನು ಕಲಿತೆ, ವೆಲ್ಡಿಂಗ್ ಕಲಿತೆ, ಆಮೇಲೆ ರಸ್ತೆ ಬದಿಯ ಬಾಡಿಗೆ ಜಾಗದಲ್ಲಿ ನನ್ನದೇ ಶೆಡ್ಡು ಹಾಕಿದೆ. ಬಂಗೂರನಗರದಿಂದ ಜೋಯಿಡಾದವರೆಗೆ ನಾನು ಮಾಡಿ ಕೂಡಿಸಿದ ಗೇಟು ಒಂದಾದರೂ ಕಿರ್ರೆಂದಿದ್ದರೆ ಹೇಳಲಿ.

ಇಪ್ಪತ್ತು ವರ್ಷದ ಹಿಂದೆ ಮನೆ ಕಟ್ಟಿದೆ. ಈ ಕಡೆ ಮನೆ ಕಟ್ಟುವವರಿಗೆ ಇಟ್ಟಿಗೆ, ಸಿಮೆಂಟಿನ ಚಿಂತೆಗಿಂತ ಕಟ್ಟಿಗೆಯ ಚಿಂತೆ ಹೆಚ್ಚು. ಸುತ್ತಲೂ ಸಾಗವಾನಿ ನಿಂತಿರುತ್ತದೆ, ಮುಟ್ಟುವ ಹಾಗಿಲ್ಲ. ನಾನು ಸರಕಾರಿ ಡಿಪೋದ ಲಿಲಾವಿನಲ್ಲಿ ಕೂಗಿ ತೆಗೆದುಕೊಂಡೆ. ಕೊಯ್ಸಿದೆ. ನಾಲ್ಕು ಬಾಗಿಲಿಗೆ ನಾಲ್ಕು ಚೌಕಟ್ಟು. ಒಂದೊಂದಕ್ಕೆ ಎರಡು ಕಾಲು, ಒಂದು ಮೇಲ್ಪಟ್ಟಿ. ಒಟ್ಟು ಹನ್ನೆರಡು ತುಂಡು. ಪ್ರತಿ ತುಂಡಿನ ತುದಿಗೆ ಇಲಾಖೆಯವರು ಸುತ್ತಿಗೆಯಿಂದ ಮುದ್ರೆ ಹೊಡೆದರು. ಉದ್ದ, ಅಗಲ, ದಪ್ಪ ಬರೆದು ಸಾಗಾಟದ ಪಾಸು ಕೊಟ್ಟರು. ಅವತ್ತು ಡಿಪೋದ ಮುದುಕ ಕಾವಲುಗಾರ ಹೇಳಿದ್ದು ಇನ್ನೂ ಕಿವಿಯಲ್ಲಿದೆ: "ತಮ್ಮಾ, ಮನಿ ಕಾಗದಾ ಕಳೀಲಿ, ಹೆಂತಿ ತವರಿಗೆ ಹೋಗ್ಲಿ. ಈ ಪಾಸು ಮತ್ತ ಈ ಮುದ್ರಿ ಎರಡೂ ಕಳೀಬ್ಯಾಡ."

ಕಳೆಯಲಿಲ್ಲ. ಮೂರು ಚೌಕಟ್ಟಿನ ಮುದ್ರೆಗಳು ಗೋಡೆಯೊಳಗೆ ಹೋದವು. ಅಡಿಗೆಮನೆಯ ಬಾಗಿಲು ಮೂಲೆಗೆ ಹತ್ತಿದ್ದರಿಂದ ಅದರ ಮೇಲ್ಪಟ್ಟಿಯ ತುದಿ ಪಡಸಾಲೆಯ ಗೋಡೆಯಿಂದ ಎರಡು ಬೆರಳು ಹೊರಗೆ ಬಂದಿತ್ತು. ಗೌಂಡಿ ಅದನ್ನು ಕೊಯ್ದು ಗಿಲಾವು ಮಾಡುತ್ತೇನೆಂದ. ನಾನು ಬೇಡವೆಂದೆ. ಮುದ್ರೆ ಕಾಣುವ ಹಾಗೆ ಹಾಗೇ ಬಿಡಿಸಿದೆ. ಬಂದವರು ಇದೇನು ಗೋಡೆಯಿಂದ ಮೂಗು ಬಂದಿದೆ ಎಂದು ಕೇಳಿದರೆ ನನ್ನ ಹೆಂಡತಿ, "ಅದು ನಮ್ಮ ಮನಿಯವರ ಸರ್ಟಿಫಿಕೇಟ್ ರೀ. ಸಾಲೀದು ಇಲ್ಲಲ್ಲ, ಅದಕ್ಕ ಕಟಗೀದು ಮಾಡಿಸಿ ಇಟ್ಕೊಂಡಾರ" ಎನ್ನುತ್ತಿದ್ದಳು. ಹಾಗೆಂದು ಅದಕ್ಕೇ ತನ್ನ ಸಂತೆಚೀಲ ತೂಗುಹಾಕುತ್ತಿದ್ದಳು. ಪಾಸು ಮಾತ್ರ ದೇವರ ಫೋಟೋದ ಹಿಂದೆ ಪ್ಲಾಸ್ಟಿಕ್ ಚೀಲದಲ್ಲಿ. ಪ್ರತಿ ಖಂಡೇನವಮಿಗೆ ವೆಲ್ಡಿಂಗ್ ಮಶೀನು, ಪಾನಾಗಳ ಜೊತೆ ಅದನ್ನೂ ಮಣೆಯ ಮೇಲೆ ಇಟ್ಟು ವಿಭೂತಿ ಹಚ್ಚಿ ಪೂಜೆ ಮಾಡುತ್ತಿದ್ದೆ.

ಇಂಥ ಮನೆಯನ್ನು ಮಾರಲು ಹೊರಟದ್ದು ಹಳಿಯಾಳದಲ್ಲಿ ಒಂದು ಜಾಗ ಸಿಗುತ್ತದೆ ಎಂಬ ಆಸೆಗೆ. ಮುಂದೆ ರಸ್ತೆಗೆ ಶೆಡ್ಡು, ಹಿಂದೆ ಮನೆ. ಬಾಡಿಗೆ ಜಾಗದವನ ಮುಖ ನೋಡುವುದು ತಪ್ಪುತ್ತಿತ್ತು. ನಮ್ಮ ಮನೆಯನ್ನು ನೋಡಲು ಬಂದವರು ಹುಬ್ಬಳ್ಳಿಯವರು. ಹೊಳೆಯಲ್ಲಿ ದೋಣಿ ಆಡಲು ಬರುವ ಮಂದಿಗೆ ಕೋಣೆಗಳನ್ನು ಬಾಡಿಗೆಗೆ ಕೊಡುವ ವಿಚಾರ ಅವರದು. ಗೋಡೆಗೆ ಗುದ್ದಿ ನೋಡಿದರು, ಸ್ಲ್ಯಾಬು ನೋಡಿದರು.

"ಮನಿ ಗಟ್ಟಿ ಐತ್ರಿ. ಆದ್ರ ಬರೂ ಮಂದಿ ಗ್ವಾಡಿ ನೋಡಂಗಿಲ್ಲ, ಬಚ್ಚಲಾ ನೋಡತಾರ. ಎರಡೂ ಬಚ್ಚಲಕ್ಕ ಗೀಜರ್ ಬೇಕು, ಅಡಗಿಮನಿಗೆ ಚಿಮಣಿ ಬೇಕು, ದೊಡ್ಡ ಫ್ರಿಜ್ಜ್ ಬೇಕು. ನೆಲಕ್ಕ ಫರ್ಶಿ ಹೊಸಾದು ಹಾಕಸ್ರಿ. ದೀಪಾವಳಿ ಒಳಗ ತಯಾರ ಮಾಡಿದ್ರ ನಾ ತೊಗೊಳ್ಳಾವನ."

ಅಂಗಡಿಗೆ ಹೋದೆವು. ಗೀಜರಿನ ವಿಷಯದಲ್ಲಿ ನಾನು ಮೋಸ ಹೋಗುವವನಲ್ಲ. ಮುಚ್ಚಳ ಬಿಚ್ಚಿಸಿದೆ, ಒಳಗಿನ ಟಾಕಿ ಎಂಥದ್ದು, ಕಾಯಿಸುವ ಸುರುಳಿ ಎಷ್ಟು ದಪ್ಪ, ನಮ್ಮ ಬೋರಿನ ಗಡಸು ನೀರಿಗೆ ಎಷ್ಟು ದಿನ ತಡೆದೀತು ಎಂದು ಕೇಳಿದೆ. ಅಂಗಡಿಯವನಿಗೆ ಉತ್ತರ ಗೊತ್ತಿರಲಿಲ್ಲ, ನಾನೇ ಹೇಳಿಕೊಟ್ಟೆ. ಇಪ್ಪತ್ತೈದು ಲೀಟರಿನವು ಎರಡು, ದಪ್ಪ ಟಾಕಿಯವು ಆರಿಸಿದೆ. ಚಿಮಣಿಗೆ ಸದ್ದು ಕಡಿಮೆಯದು. ಹೆಂಡತಿ, "ಹಂಡೇದ ನೀರಿಗೆ ಇದ್ದ ಬಿಸಿ ಇದಕ್ಕ ಬರೂದಿಲ್ಲ" ಎಂದಳು. ಅಷ್ಟರವರೆಗೆ ಎಲ್ಲ ಸರಿಯಿತ್ತು. ಫ್ರಿಜ್ಜಿನ ಹತ್ತಿರ ಬಂದಾಗ ಅಂಗಡಿಯವ ಹೇಳಿದ:

"ಕಾಕಾ, ನಿಮಗ ಇಬ್ಬರಿಗೆ ಸಿಂಗಲ್ ಬಾಗಲಾದ್ದು ಸಾಕ್ರಿ."

"ಯಾಕ? ನಮಗ ಎರಡ ಬಾಗಲಾ ತಗ್ಯಾಕ ಬರೂದಿಲ್ಲೇನು?"

"ಹಂಗಲ್ರಿ, ಅದು ದೊಡ್ಡ ಮಂದಿದು..."

ದೊಡ್ಡ ಮಂದಿ ಎಂಬ ಮಾತಿಗೆ ನಾನು ಕಪಾಟಿನಂತೆ ಎರಡೂ ಕಡೆ ತೆರೆಯುವ, ಅಂಗಡಿಯಲ್ಲೇ ದೊಡ್ಡದಾದ ಫ್ರಿಜ್ಜನ್ನು ಬರೆಸಿದೆ. ಮನೆ ಮಾರುವವನು ನಾನು, ಅದರ ತಂಪು ಉಣ್ಣುವವರು ಯಾರೋ. ಹೆಂಡತಿ ಒಂದು ಸಲ ಒಳಗೆ ಇಣುಕಿ, "ಇದರಾಗ ನೀವೂ ಹಿಡೀತೀರಿ" ಎಂದಳು. ನೂಲಿನಷ್ಟು ವ್ಯತ್ಯಾಸ ಬಂದರೆ ಕಬ್ಬಿಣವನ್ನು ಮತ್ತೆ ಕೊಯ್ಯುವ ನಾನು, ಅವತ್ತು ನಮ್ಮ ಅಡಿಗೆಮನೆಯ ಬಾಗಿಲಿನ ಅಳತೆಯನ್ನೇ ಒಯ್ದಿರಲಿಲ್ಲ.

ಅಳತೆ ಮಾಡಿದವನು ಗುತ್ತಿಗೆದಾರ. ಬೆಳಗಾವಿಯ ಕಡೆಯವನು, ನಲವತ್ತರ ಒಳಗಿನ ವಯಸ್ಸು, ಮಾತು ಬೆಲ್ಲ. ಟೇಪು ಹಿಡಿದು ನಕ್ಕ.

"ಕಾಕಾ, ನಿಮ್ಮ ಫ್ರಿಜ್ಜು ಹೊರಗ ಉಳೀತೈತಿ ನೋಡ್ರಿ. ಬಾಗಲಾ ಸಣ್ಣದು. ಚೌಕಟ್ಟು ಕಿತ್ತು ಅರ್ಧ ಫೂಟು ದೊಡ್ಡದು ಮಾಡಬೇಕಾಗತೈತಿ."

"ಕಿತ್ತರ ಹುಷಾರಿಲೆ ಕೀಳಬೇಕು. ಸಾಗವಾನಿ ಐತಿ."

"ಬರೋಬ್ಬರಿ. ಟೆನ್ಶನ್ ತೊಗೋಬ್ಯಾಡ್ರಿ. ಮತ್ತ, ಒಂದು ಮಾತು. ಹಳೇ ಸಾಮಾನು ನಮ್ದು. ನಮ್ಮ ಧಂದೆದಾಗ ಹಂಗ ಐತಿ."

ಈ ಪದ್ಧತಿ ನನಗೆ ಹೊಸದಲ್ಲ. ಕಿತ್ತ ಫರ್ಶಿ, ತುಕ್ಕು ಹಿಡಿದ ಪೈಪು, ಒಡೆದ ಕಮೋಡು, ಇವೆಲ್ಲ ಕೆಲಸದವನ ಪಾಲು. "ತೊಗೋ ಮಾರಾಯಾ" ಎಂದೆ. ಹಳೆಯ ಸಾಮಾನು ಎಂದರೆ ಅವನ ಬಾಯಲ್ಲಿ ಎಲ್ಲಿಂದ ಎಲ್ಲಿಯವರೆಗೆ ಎಂದು ಕೇಳಲಿಲ್ಲ. ಕೇಳಿದರೆ ಗೊತ್ತಿಲ್ಲದವನಂತೆ ಕಾಣುತ್ತೇನೆ ಎಂಬ ಬಿಗುಮಾನ. ಅವನಿಗೂ ನನಗೂ ನಡುವೆ ಇನ್ನೊಂದು ಅಂತರವಿತ್ತು, ಅದು ಆಗ ಹೊಳೆಯಲಿಲ್ಲ. ಅವನು ಬಯಲುಸೀಮೆಯವನು. ಅವನ ಊರಿನಲ್ಲಿ ಕಟ್ಟಿಗೆ ಎಂದರೆ ಬರೀ ಕಟ್ಟಿಗೆ.

ಕೆಲಸ ಶುರುವಾದ ವಾರದಲ್ಲಿ ಧೂಳಿಗೆ ಕೆಮ್ಮು ಬಂದು ಹೆಂಡತಿ ಮುಂಡಗೋಡಿಗೆ, ಮಗಳ ಮನೆಗೆ ಹೋದಳು. ನನಗೆ ಕುಂಬಾರವಾಡದಿಂದ ಕರೆ ಬಂತು, ಅಕ್ಕಿ ಗಿರಣಿಯ ಶಾಫ್ಟು ಮುರಿದಿದೆ ಎಂದು. ಅಲ್ಲಿಗೆ ಬಸ್ಸು ಹಿಡಿದು ಹೋದರೆ ಮರಳುವ ಬಸ್ಸು ನಮ್ಮ ಮರ್ಜಿಯಲ್ಲಿರುವುದಿಲ್ಲ. ಮೂರನೆಯ ದಿನ ಮಧ್ಯಾಹ್ನ ಮನೆಗೆ ಬಂದೆ.

ಮನೆಗೆ ನಾಲ್ಕು ಬಾಯಿ ಬಿದ್ದಿದ್ದವು. ಒಂದು ಚೌಕಟ್ಟಲ್ಲ, ನಾಲ್ಕೂ ಇರಲಿಲ್ಲ. ಇಟ್ಟಿಗೆಗಳು ಒಸಡಿನ ಹಾಗೆ ಕೆಂಪಗೆ ಕಾಣುತ್ತಿದ್ದವು. ಹಿತ್ತಲಿನಲ್ಲಿ ಕೆಲಸಕ್ಕೆ ಬಂದ ಗೌಂಡಿಯ ಹೆಂಡತಿ ಮೂರು ಇಟ್ಟಿಗೆ ಇಟ್ಟು ಚಹಾ ಕಾಯಿಸುತ್ತಿದ್ದಳು.

"ಚೌಕಟ್ಟು ಎಲ್ಲಿ ಬೇ?"

"ಟೆಂಪೋದಾಗ ಹೋದ್ವು ರೀ ಅಣ್ಣಾರ. ನಿನ್ನೆ."

"ಎತ್ಲಾಗ?"

"ಹಳ್ಯಾಳ ಕಡೆ ಅಂದ್ರು. ಬಡಿಗ್ಯಾನ ಕಡೆ ರಂದಾ ಹೊಡಸಿ ನುಣ್ಣಗ ಮಾಡಸಾಕ."

ನಾನು ಮೂಲೆಯ ಗೋಡೆ ನೋಡಿದೆ. ಮುದ್ರೆಯ ತುದಿ ಅಲ್ಲಿ ಇರಲಿಲ್ಲ. ಅದೊಂದು ಗೋಡೆಯಿಂದ ಬಿಟ್ಟು ಬರಲಿಲ್ಲವಂತೆ, ಮಶೀನು ಹಚ್ಚಿ ತುದಿಯನ್ನು ಕತ್ತರಿಸಿ ತೆಗೆದರಂತೆ. ಎಲ್ಲಿ ಆ ತುಂಡು ಎಂದೆ. ಆಕೆ ಚಹಾದ ಪಾತ್ರೆಯ ಕೆಳಗೆ ಕೈ ತೋರಿಸಿದಳು.

"ಛಲೋ ಉರೀತೈತ್ರಿ. ಬೆಣ್ಣಿ ಹಂಗ."

ಬರಿಗೈಯಿಂದ ಎಳೆದೆ. ಚಹಾ ಚೆಲ್ಲಿತು. ಆಕೆ ಹಿಂದೆ ಸರಿದು ಗೋಡೆ ಹಿಡಿದಳು, ನನಗೇನೋ ಆಗಿದೆ ಎಂದುಕೊಂಡಿರಬೇಕು. ನೀರಿನಲ್ಲಿ ಅದ್ದಿ ಒರೆಸಿ ನೋಡಿದರೆ ಮುದ್ರೆಯ ಜಾಗ ಇದ್ದಿಲಾಗಿತ್ತು. ಒಂದು ಅಂಕಿಯ ಕೊಕ್ಕೆ ಮಾತ್ರ ಉಳಿದಿತ್ತು. ಎರಡೂ ಆಗಬಹುದು, ಮೂರೂ ಆಗಬಹುದು.

ಗುತ್ತಿಗೆದಾರನಿಗೆ ಫೋನು ಹಚ್ಚಿದೆ. ಸ್ವಿಚ್ ಆಫ್. ಇಲ್ಲಿಂದ ಹಳಿಯಾಳಕ್ಕೆ ಹೋಗುವ ದಾರಿಯಲ್ಲಿ ಫಾರೆಸ್ಟಿನವರ ತಪಾಸಣೆ ನಾಕಾ ಇದೆ. ಸಾಗವಾನಿ ತುಂಬಿದ ಟೆಂಪೋ, ಪಾಸಿಲ್ಲ, ಮುದ್ರೆಯಿಲ್ಲ. ಪಾಸು ನನ್ನ ದೇವರ ಹಿಂದೆ ಇದೆ. ಹಿಡಿದರೆ ಅವನು ಯಾರ ಹೆಸರು ಹೇಳುತ್ತಾನೆ? ಇಂಥವರ ಮನೆಯದು ಎನ್ನುತ್ತಾನೆ. ಹಿಡಿಯದಿದ್ದರೂ ರಂದಾ ಹೊಡೆದು ಮುದ್ರೆ ಹಾರಿಸಿದ ಮೇಲೆ ಅದು ನಿನ್ನೆ ಕಾಡಿನಲ್ಲಿ ಕಡಿದದ್ದಲ್ಲ, ಇಪ್ಪತ್ತು ವರ್ಷದ ಹಿಂದೆ ಲಿಲಾವಿನಲ್ಲಿ ತಂದದ್ದು ಎಂದು ಹೇಳಲು ಬಾಯಿ ಎಲ್ಲಿದೆ?

ಎರಡು ದಿನ ಶೆಡ್ಡಿಗೆ ಸರಿಯಾಗಿ ಹೋಗಲಿಲ್ಲ. ಹೋದ ಒಂದು ಹೊತ್ತಿನಲ್ಲಿ ಬೆಸುಗೆ ಹುಳು ಹರಿದ ಹಾಗೆ ಸೊಟ್ಟಗಾಯಿತು. ನನ್ನ ಬೆಸುಗೆ! ಗಿರಾಕಿ ನೋಡುವ ಮುಂಚೆ ಅದನ್ನು ಒಡೆದು ಹಾಕಿದೆ. ಮನೆಯಲ್ಲಿ ಬಾಗಿಲಿಲ್ಲದ ಕೋಣೆಗಳ ನಡುವೆ ಕೂತರೆ ರಸ್ತೆಯ ಪ್ರತಿಯೊಂದು ಸಪ್ಪಳವೂ ನೇರ ಒಳಗೆ ಬರುತ್ತಿತ್ತು. ತಿರುವಿನಲ್ಲಿ ಯಾವುದಾದರೂ ಜೀಪು ಗೇರು ಇಳಿಸಿದರೆ ನಾನು ಎದ್ದು ನಿಂತಿರುತ್ತಿದ್ದೆ. ಒಂದು ಸಲ ಕೈಯಲ್ಲಿ ರೊಟ್ಟಿಯ ಚೂರಿತ್ತು. ಅದನ್ನು ನೋಡಿ, ಅಪ್ಪ ಸತ್ತು ಹನ್ನೆರಡು ವರ್ಷವಾದ ಮೇಲೆ, ಅವನ ಕೈಯನ್ನೇ ನೋಡಿದಂತಾಯಿತು. ದಡ್ಡತನ ನೋಡಿ, ಪಾಸನ್ನು ದೇವರ ಹಿಂದಿನಿಂದ ತೆಗೆದು ಅಕ್ಕಿ ಡಬ್ಬಿಯಲ್ಲಿ ಮುಚ್ಚಿಟ್ಟೆ. ನನ್ನನ್ನು ಉಳಿಸುವ ಕಾಗದ ಅದೊಂದೇ. ಅದನ್ನೇ ಕದ್ದ ಮಾಲಿನ ಹಾಗೆ ಅಡಗಿಸಿದೆ.

ಅದೇ ಹೊತ್ತಿಗೆ ಫ್ರಿಜ್ಜು ಬಂತು. ಇಬ್ಬರು ಹಮಾಲರು ಅದನ್ನು ಪಡಸಾಲೆಗೆ ಇಳಿಸಿ, ಅಡಿಗೆಮನೆಯ ಒಡೆದ ಗೋಡೆಯನ್ನು ನೋಡಿದರು. ಅವರಲ್ಲಿ ಹಿರಿಯವನು ಕೇಳಿದ:

"ಇದನ್ಯಾಕ ಒಡಿಸಿದ್ರಿ ಕಾಕಾರ?"

"ಫ್ರಿಜ್ಜು ಹಿಡೀಬೇಕಲ್ಲ ಮತ್ತ."

ಅವನು ತನ್ನ ಜೊತೆಗಾರನ ಮುಖ ನೋಡಿದ. ಕಿಸೆಯಿಂದ ಸ್ಕ್ರೂಡ್ರೈವರ್ ತೆಗೆದು ತೋರಿಸಿದ. "ನಾವು ಫ್ರಿಜ್ಜಿನ ಬಾಗಲಾ ಬಿಚ್ಚಿ ಒಳಗ ಒಯ್ದು ಮತ್ತ ಹಚ್ಚತೇವ್ರಿ. ಯಾವ ಸಣ್ಣ ಮನ್ಯಾಗೂ ಹೊಕ್ಕತೈತಿ. ಫ್ರಿಜ್ಜಿನ ಬಾಗಲಾ ಬಿಚ್ಚೂದು ಬಿಟ್ಟು ಮನಿ ಬಾಗಲಾ ಯಾರರೆ ಬಿಚ್ಚತಾರೇನ್ರಿ?"

ಇಬ್ಬರೂ ನಕ್ಕರು. ಮೂವತ್ತು ವರ್ಷ ನಟ್ಟು-ಬೋಲ್ಟು ಬಿಚ್ಚಿದವನು ನಾನು. ನನಗೆ ಅದು ಹೊಳೆದಿರಲಿಲ್ಲ. ಅವರು ಹೋದ ಮೇಲೆ ಫ್ರಿಜ್ಜಿನ ಬಾಗಿಲ ಕೀಲುಗಳ ಮೇಲೆ ಕೈಯಾಡಿಸಿ ನೋಡಿದೆ. ಎಂಟು ಸ್ಕ್ರೂ, ಅಷ್ಟೇ.

ಹುಬ್ಬಳ್ಳಿಯವರ ಫೋನು ಬಂತು. "ಕೆಲಸ ಎಲ್ಲಿಗೆ ಬಂತ್ರಿ?" ಎಂದರು. ನಡೆದಿದೆ ಎಂದೆ. "ನಮ್ಮ ವಕೀಲರು ಒಂದ ಮಾತ ಕೇಳಂದ್ರು. ಅಲ್ಲೆ ಕಾಡಿನ ಕಡೆ ಮನೀದು ಕಟಗಿ ಪಾಸು ಇರಬೇಕಂತಲ್ಲ, ಐತಿಲ್ರಿ?" ಐತಿ ಎಂದೆ. ಅದು ಸುಳ್ಳಲ್ಲ.

ಮರುದಿನ ಹೆಂಡತಿ ಬಂದಳು. ಎಲ್ಲ ನೋಡಿದಳು. ಅಕ್ಕಿ ಡಬ್ಬಿಯಲ್ಲಿ ಕೈ ಹಾಕಿ ಪಾಸು ಸಿಕ್ಕಿದಾಗ ನನ್ನ ಮುಖ ನೋಡಿದಳು. ಬೈಯುತ್ತಾಳೆಂದು ಕಾದೆ.

"ಕಟಗಿ ನಡಕೋತ ಮನಿಗೆ ಬರ್ತಾವೇನು? ಏಳ್ರಿ. ಪಾಸು ಕಿಸೇದಾಗ ಇಟ್ಕೊರ್ರಿ. ಹುಡಿಕ್ಕೊಂಡ ಬರ್ರಿ."

"ನಾಕಾದಾಗ ಹಿಡದ್ರ?"

"ನಿಮ್ಮ ಕೈಯಾಗ ಏನೈತಿ? ಬರೇ ಗಾಡಿ ಐತಿ. ಗಾಡಿ ಸಾಗವಾನೀದ ಮಾಡ್ಸೀರೇನು?"

ಬೈಕು ತೆಗೆದೆ. ನಾಕಾ ಹತ್ತಿರ ಬಂದ ಹಾಗೆ ಕಿಸೆಯ ಪಾಸನ್ನು ಮುಟ್ಟಿ ನೋಡಿಕೊಂಡೆ. ಅಡ್ಡಕೋಲು ಕೆಳಗಿತ್ತು. ಗಾರ್ಡು ಕೈ ಮಾಡಿ ನಿಲ್ಲಿಸಿದ. ನನ್ನ ಗುರುತಿನವನೇ, ಆದರೆ ಆ ಗಳಿಗೆಯಲ್ಲಿ ಗುರುತು ಎಲ್ಲಿಗೆ ಬರಬೇಕು? ಇಳಿದು ನಿಂತೆ. ಕೇಳುವ ಮುಂಚೆಯೇ ಎಲ್ಲ ಹೇಳಿಬಿಡೋಣ ಎಂದು ಬಾಯಿ ತೆರೆದಿದ್ದೆ.

"ಛಲೋ ಸಿಕ್ಕ್ರಿ ನೋಡ್ರಿ," ಎಂದ ಗಾರ್ಡು. "ಈ ಗೇಟಿನ ಬುಡಾ ಕಿತ್ತೈತಿ. ಹಗ್ಗಾ ಕಟ್ಟಿ ನಿಲ್ಲಿಸೇವಿ. ಒಂದ ದಿನಾ ಬಂದು ಬೆಸಗಿ ಹಚ್ಚಿ ಹೋಗ್ರಿ, ಪುಣ್ಯಾ ಬರ್ತೈತಿ."

ಹಚ್ಚುತ್ತೇನೆ ಎಂದೆ. ಅರ್ಧ ಮೈಲಿ ದಾಟಿ ಗಾಡಿ ನಿಲ್ಲಿಸಿ ರಸ್ತೆ ಬದಿಯಲ್ಲಿ ಕೂತೆ.

ಹಳಿಯಾಳದಲ್ಲಿ ಬಡಿಗನ ಶೆಡ್ಡು ಹುಡುಕುವುದು ಕಷ್ಟವಾಗಲಿಲ್ಲ. ನನ್ನ ಚೌಕಟ್ಟುಗಳು ಗೋಡೆಗೆ ಒರಗಿ ನಿಂತಿದ್ದವು, ರಂದಾ ಹೊಡೆಸಿಕೊಂಡು ಸಿಪ್ಪೆ ಸುಲಿದ ಹಾಗೆ. ತುದಿಗಳನ್ನು ನೋಡಿದೆ. ನುಣ್ಣಗೆ. ಒಂದು ಗೆರೆ ಉಳಿದಿರಲಿಲ್ಲ. ನನ್ನವು ಎಂದು ಗೊತ್ತಾದದ್ದು ಗೋಡೆಗೆ ಹಿಡಿಸುವ ಕಬ್ಬಿಣದ ಪಟ್ಟಿಗಳ ತೂತಿನಿಂದ. ಆ ಪಟ್ಟಿಗಳನ್ನು ನಾನೇ ಬಡಿದು ಮಾಡಿದ್ದೆ, ಮೂರು ತೂತು, ನಡುವಿನದು ಸ್ವಲ್ಪ ಕೆಳಗೆ. ಎಣಿಸಿದೆ. ಮೂರು ಚೌಕಟ್ಟು.

"ನಾಕು ಬಂದಿದ್ವು," ಎಂದ ಬಡಿಗ. "ಒಂದು ಮೊನ್ನೆ ಹೋತು. ಮುಂಡಗೋಡ ದಾರಿಯಾಗ ಒಂದು ಮನಿ ಕಟ್ಟಾಕತ್ತಾರ. ಅಲ್ಲೇ ಅದಾನ ನಿಮ್ಮ ಗುತ್ತಿಗೆದಾರ."

ಅಲ್ಲೇ ಇದ್ದ. ಸಣ್ಣ ಮನೆ, ಇನ್ನೂ ಗಿಲಾವಿಲ್ಲ. ನನ್ನನ್ನು ಕಂಡು ಓಡಲಿಲ್ಲ, ಹೆದರಲೂ ಇಲ್ಲ. "ಬರ್ರಿ ಕಾಕಾ! ಮೊಬೈಲು ಸಿಮೆಂಟಿನ ನೀರಾಗ ಬಿತ್ತು ನೋಡ್ರಿ" ಎಂದು ಖುಶಿಯಿಂದ ಬಂದ. ನಾನು ಮುಂಬಾಗಿಲು ನೋಡುತ್ತಿದ್ದೆ. ನನ್ನ ಅಡಿಗೆಮನೆಯ ಚೌಕಟ್ಟು. ಮೇಲ್ಪಟ್ಟಿ ಒಂದು ಕಡೆ ಎರಡು ಬೆರಳು ಗಿಡ್ಡ. ಅದಕ್ಕೆ ಅರಿಷಿಣ, ಕುಂಕುಮ, ಮಾವಿನ ತೋರಣ, ಮೂರು ಬೆರಳಿನ ವಿಭೂತಿ. ಬಾಗಿಲು ನಿಲ್ಲಿಸುವ ಪೂಜೆ ಮುಗಿದು ಹೋಗಿತ್ತು.

"ಯಾರನ್ನ ಕೇಳಿ ತಂದೀ?"

"ಹಳೇ ಸಾಮಾನು ನಮ್ದು ಅಂತ ಹೇಳಿದ್ನೆಲ್ಲ ಕಾಕಾ. ನೀವ ತೊಗೋ ಅಂದ್ರಿ. ನಿಮಗ ಹೊಸಾವು ಫೈಬರ್‌ದು ಹಚ್ಚಿ ಕೊಡಾಂವ ಇದ್ದೆ, ಹುಳಾ ಹತ್ತಂಗಿಲ್ಲ."

"ಪಾಸು?"

"ಎಂಥಾ ಪಾಸು?"

ಅವನ ಮುಖದಲ್ಲಿ ಕಳ್ಳತನವಿರಲಿಲ್ಲ. ನಿಜಕ್ಕೂ ಗೊತ್ತಿರಲಿಲ್ಲ. ನಾನು ಹೇಳುತ್ತ ಹೋದ ಹಾಗೆ ಅವನ ಬೆಲ್ಲದ ಮಾತು ಕರಗಿತು. "ಟೆಂಪೋ ನಸುಕಿನ್ಯಾಗ ಬಂತ್ರಿ. ಮ್ಯಾಲೆ ಫರ್ಶಿ ಹೇರಿದ್ವಿ, ಯಾರೂ ನೋಡಲಿಲ್ಲ" ಎಂದ. ಅದನ್ನು ಕೇಳಿ ಸಮಾಧಾನ ಆಗಬೇಕಿತ್ತು. ಅಡಗಿಸಿ ತಂದ ಹಾಗಾಯಿತಲ್ಲ ಎಂದು ಇನ್ನಷ್ಟು ಹೆದರಿಕೆಯಾಯಿತು.

ಮನೆಯ ಯಜಮಾನಿ ತಂಬಿಗೆಯಲ್ಲಿ ನೀರು, ಅಂಗೈಯಲ್ಲಿ ಬೆಲ್ಲ ತಂದಳು. "ಸಾಗವಾನಿ ಚೌಕಟ್ಟು ಕೂಡಿಸ್ಯಾರ ನೋಡ್ರಿ ಅಣ್ಣಾರ. ಊರಾಗ ಎಲ್ಲಾರೂ ಬಂದು ನೋಡಿ ಹೋಗಾಕತ್ತಾರ. ಮನಿಗೆ ಕಳಾ ಬಂತು." ಹಿಂದೆ ಅವಳ ಗಂಡ ನಿಂತಿದ್ದ, ನನ್ನ ವಯಸ್ಸಿನವನು, ಒಕ್ಕಲುತನದವನು. ಪಾಸಿನ ಮಾತು ಅವನ ಕಿವಿಗೆ ಬಿದ್ದಿತ್ತು. ಕಾಡಂಚಿನವನಾದ್ದರಿಂದ ಅವನಿಗೆ ಬಿಡಿಸಿ ಹೇಳುವುದು ಬೇಕಿರಲಿಲ್ಲ. ಅವನು ಚೌಕಟ್ಟನ್ನು ನೋಡಲಿಲ್ಲ, ರಸ್ತೆಯ ಕಡೆ ನೋಡಿದ. ಜೀಪು ಬರುವ ಕಡೆ. ಆ ನೋಟ ನನಗೆ ಸಣ್ಣಂದಿನಿಂದ ಗೊತ್ತು.

"ಕಿತ್ತು ಕೊಡ್ಲೇನ್ರಿ?" ಎಂದ.

"ಪೂಜಿ ಆದ ಬಾಗಲಾ ಕೀಳತಾರೇನು?" ಎಂದಳು ಅವನ ಹೆಂಡತಿ. "ಮನೀಗೆ ಛಲೋ ಅಲ್ಲ."

ನಾನು ಕೀಳಿಸಲಿಲ್ಲ. ಇದನ್ನು ಪುಣ್ಯವೆಂದು ಬರೆದುಕೊಳ್ಳಲಾರೆ. ಧರ್ಮಕ್ಕಿಂತ ಹೆದರಿಕೆಯೇ ಹೆಚ್ಚಿತ್ತು. ಕಿತ್ತು ಒಯ್ದರೂ ಮತ್ತೆ ನಾಕಾ ದಾಟಬೇಕು, ಮುದ್ರೆಯಿಲ್ಲದ ತುಂಡಿಗೆ ಹಳೆಯ ಪಾಸು ನಡೆಯುವುದಿಲ್ಲ. ಬಿಟ್ಟು ಹೋದರೆ ನಾಳೆ ಯಾರಾದರೂ ಇವನನ್ನು ಹಿಡಿದು ಕೇಳುತ್ತಾರೆ, ಇವನು ಗುತ್ತಿಗೆದಾರನನ್ನು ತೋರಿಸುತ್ತಾನೆ, ಅವನು ನನ್ನನ್ನು. ಯಾವ ಕಡೆ ತಿರುಗಿದರೂ ದಾರಿ ಒಂದೇ ಕಚೇರಿಗೆ, ಫಾರೆಸ್ಟಿನವರ ಕಚೇರಿಗೆ ಹೋಗಿ ನಿಲ್ಲುತ್ತಿತ್ತು.

ಆ ಕಚೇರಿಗೆ ನಾನಾಗಿಯೇ ಹೋದೆ, ಮರುದಿನ, ಬಿಳಿ ಅಂಗಿ ತೊಟ್ಟು. ಹೊರಗೆ ಗಿಡದ ಕೆಳಗೆ ಅರ್ಜಿ ಬರೆದುಕೊಡುವವನು ಕೂತಿದ್ದ. "ಬರ್ರಿ, ಬರದ ಕೊಡತೇನಿ" ಎಂದ. ಬೇಡವೆಂದೆ. ಎಂಟನೆಯ ಇಯತ್ತೆಯ ಅಕ್ಷರ ಸಾಕು. ಮೆಟ್ಟಿಲ ಮೇಲೆ ಕೂತು ಎರಡು ಹಾಳೆ ಬರೆದೆ. ಹನ್ನೆರಡು ತುಂಡಿನ ಅಳತೆ ಬರೆದೆ. ಒಂಬತ್ತು ತುಂಡು ಬಡಿಗನ ಹತ್ತಿರ, ಮೂರು ತುಂಡು ಇಂಥ ಊರಿನ ಇಂಥ ಮನೆಯಲ್ಲಿ, ಅವನ್ನು ನಾನೇ ಆ ಮನೆಗೆ ಕೊಟ್ಟಿದ್ದೇನೆ ಎಂದು ಬರೆದೆ. ನನ್ನ ತಿಳಿಗೇಡಿತನದಿಂದ ಪಾಸಿಲ್ಲದೆ ಸಾಗಾಟವಾಗಿದೆ ಎಂದೂ ಬರೆದೆ. ತಿಳಿಗೇಡಿತನ ಎಂಬ ಮಾತು ಬರೆಯುವಾಗ ಪೆನ್ನು ನಿಂತಿತು. ಆದರೂ ಬರೆದೆ.

ಒಳಗಿದ್ದ ಸಾಹೇಬರು ಓದಿ ತಲೆ ಎತ್ತಿದರು. "ಯಾರ ಹಿಡಕೊಂಡ ಬಂದ್ರು ನಿಮ್ಮನ್ನ?"

"ಯಾರೂ ಇಲ್ರಿ. ನಾನ ಬಂದೇನಿ."

"ತಾವಾಗೇ ಬರೋರನ್ನ ನಾ ನೋಡಿಲ್ಲ" ಎಂದು ಅವರು ಇನ್ನೊಮ್ಮೆ ಓದಿದರು. ಕೂಡಿರಿ ಎನ್ನಲಿಲ್ಲ, ನಾನೂ ಕೂಡಲಿಲ್ಲ. ಸುಟ್ಟ ತುದಿಯನ್ನು ಅರಿವೆಯಿಂದ ಬಿಚ್ಚಿ ಮೇಜಿನ ಮೇಲಿಟ್ಟೆ. ಅವರು ಕಿಟಕಿಯ ಬೆಳಕಿಗೆ ಹಿಡಿದು ಆ ಅಂಕಿಯ ಕೊಕ್ಕೆಯನ್ನು ನೋಡಿದರು. "ಇದಕ್ಕ ಏನ್ ಅನ್ಲಿ ನಾ?" ಎಂದರು.

ಮುಂದಿನ ವಾರ ಇಲಾಖೆಯವರೊಬ್ಬರು ಬಡಿಗನ ಶೆಡ್ಡಿಗೆ ಬಂದು ಟೇಪು ಹಿಡಿದರು. ಉದ್ದ ಕೂಡಿತು. ದಪ್ಪದಲ್ಲಿ ರಂದಾ ತಿಂದಷ್ಟು ಕಡಿಮೆ ಬಂತು, ಅದನ್ನು ಹಾಗೆಂದೇ ಬರೆದುಕೊಂಡರು. ಒಂಬತ್ತು ತುಂಡನ್ನು ಮನೆಗೆ ತರಲು ಕಾಗದ ಸಿಕ್ಕಿತು. ಅವನ್ನು ತಂದ ದಿನ ನಾಕಾದಲ್ಲಿ ಟೆಂಪೋ ನಿಲ್ಲಿಸಿ, ಮಶೀನು ಇಳಿಸಿ, ಗೇಟಿನ ಬುಡಕ್ಕೆ ಬೆಸುಗೆ ಹಚ್ಚಿದೆ. ಗೆರೆ ಎಳೆದ ಹಾಗೆ ನೆಟ್ಟಗೆ ಬಂತು. ಉಳಿದ ಮೂರರ ಬಗ್ಗೆ ಸಾಹೇಬರು ಹೇಳಿದ್ದು ಇಷ್ಟು: "ಮ್ಯಾಲಿನವರಿಗೆ ಬರದೇವಿ. ಏನ್ ಅಂತಾರ ನೋಡೂಣು."

ಇನ್ನೂ ಏನೂ ಅಂದಿಲ್ಲ. ಹ್ಞೂಂ ಎಂದರೆ ಒಳ್ಳೆಯದು. ಉಹ್ಞೂಂ ಎಂದರೆ ಇಬ್ಬರ ಮೇಲೆ ಬರುತ್ತದೆ, ನನ್ನ ಮೇಲೆ ಮತ್ತು ಆ ಒಕ್ಕಲಿಗನ ಮೇಲೆ. ಪಾಸಿನ ಮತ್ತು ನನ್ನ ಅರ್ಜಿಯ ಝೆರಾಕ್ಸ್ ಮಾಡಿಸಿ ಅವನಿಗೆ ಕೊಟ್ಟು ಬಂದೆ, ದೇವರ ಹಿಂದೆ ಇಟ್ಟುಕೊಳ್ಳಿ ಎಂದೆ. ಅವನು ಎರಡೂ ಕೈಯಲ್ಲಿ ಇಸಿದುಕೊಂಡ. ಓದಲು ಬಾರದು ಎಂದ. "ಜೀಪು ಬಂದ್ರ ಮೊದಲ ಇದನ್ನ ಕೈಯಾಗ ಹಿಡಕೊರ್ರಿ, ಆಮ್ಯಾಲ ಎದ್ದು ನಿಲ್ರಿ" ಎಂದು ಹೇಳಿಕೊಟ್ಟೆ. ಗುತ್ತಿಗೆದಾರ ಬಂದು ಫರ್ಶಿ ಮುಗಿಸಿಕೊಟ್ಟು ಹೋದ, ಹಳೆಯ ಸಾಮಾನು ಬೇಡ ಎಂದ. ಹುಬ್ಬಳ್ಳಿಯವರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಕಾಗದ ಬಂದ ಮೇಲೆ ಮಾತಾಡೋಣ ಎಂದವರು ಮತ್ತೆ ಫೋನು ಮಾಡಿಲ್ಲ. ದೀಪಾವಳಿ ಹೋಯಿತು. ಹಳಿಯಾಳದ ಜಾಗ ಬೇರೆಯವರದಾಯಿತು. ಹೆಂಡತಿ ಈಗಲೂ ಹಂಡೆಯ ನೀರನ್ನೇ ಮೈಗೆ ಹಾಕಿಕೊಳ್ಳುತ್ತಾಳೆ.

ಈಗ ನನ್ನ ಹತ್ತಿರ ಇರುವುದು ಇಷ್ಟು. ಮಾರದೇ ಉಳಿದ ಮನೆ ಒಂದು. ಬಾಡಿಗೆ ಜಾಗದ ಶೆಡ್ಡು ಒಂದು. ಗೀಜರು ಎರಡು, ಚಿಮಣಿ ಒಂದು, ಎರಡು ಬಾಗಿಲಿನ ಫ್ರಿಜ್ಜು ಒಂದು, ಅದರೊಳಗೆ ಒಂದು ಗಡಿಗೆ ಮೊಸರು. ಬಾಗಿಲಿರಬೇಕಾದ ಜಾಗ ನಾಲ್ಕು, ಚೌಕಟ್ಟು ಮೂರು, ತುಂಡು ಒಂಬತ್ತು. ಅರ್ಧ ಸುಟ್ಟ ತುದಿ ಒಂದು. ಪಾಸು ಒಂದು, ಅದರಲ್ಲಿ ತುಂಡು ಹನ್ನೆರಡು.